ಒಂದೇ ಕದದ ಮನೆ

ನನ್ನ ಹಳೆಯ ದಿನಚರಿಯಲ್ಲಿ ೧೯೭೯ನೆಯ ಇಸವಿ ಫೆಬ್ರವರಿ ೧೨, ಸೋಮವಾರದ ಕೆಳಗೆ ಹೀಗಿದೆ: "ಸಂಜೆ ಮಠಕ್ಕೆ ಹೋಗಿದ್ದೆ. ನಾಗವೇಣಿಯ ವಿಷಯ ಕೇಳಿದೆ. ಹಾಲಯ್ಯನವರು ಕತೆ ಹೇಳಿದರು. ಮರೆಯುವ ಮೊದಲು ಪೂರ್ತಿ ಬರೆದಿಡಬೇಕು."

ಆ ವಾರವೇ ಬರೆದಿಟ್ಟೆ. ಈಗ ಅದನ್ನು ಓರಣ ಮಾಡಿ ಕೊಡುತ್ತಿದ್ದೇನೆ. ನಾಗವೇಣಿ ನನ್ನ ಮೊಮ್ಮಗಳು. ಆಗ ಅವಳಿಗೆ ಆರು ತುಂಬಿತ್ತು. ಹಾಲಯ್ಯನವರು ನಮ್ಮ ಊರಾಚೆಯ ಸಣ್ಣ ಮಠದಲ್ಲಿದ್ದ ಹಿರಿಯರು. ಪ್ರವಚನ ಮಾಡುವ ಪೈಕಿಯವರಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು. ಯಾರೂ ಕೇಳದಿದ್ದರೆ ಸುಮ್ಮನೆ ಕೂತು ದೀಪದ ಬತ್ತಿ ಹೊಸೆಯುತ್ತಿದ್ದರು.

ನಾನು ಕೇಳಿದ್ದು ಇದು:

"ಬುದ್ಧಿ, ನಮ್ಮ ಮನೆಯ ಮಗು ಮಂಚದ ಹಿಂದೆ ಸೀರೆಯ ಮರೆ ಕಟ್ಟಿಕೊಂಡು ಕೂರುತ್ತದೆ. ಯಾರಾದರೂ ಹತ್ತಿರ ಹೋದರೆ, ಇದು ನನ್ನ ಜಾಗ, ಬರಬೇಡಿ ಅನ್ನುತ್ತದೆ. ಊಟ, ಬಟ್ಟೆ, ಮುದ್ದು ಯಾವುದಕ್ಕೂ ನಾವು ಕಡಿಮೆ ಮಾಡಿಲ್ಲ. ನಾನೂ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿ ಬಿ.ಎ. ಮಾಡಿದವಳು. ಇಷ್ಟು ಚಿಕ್ಕದಕ್ಕೆ ನಮ್ಮಿಂದ ದೂರ ಇರುವ ಆಸೆ ಎಲ್ಲಿಂದ ಬರುತ್ತದೆ?"

ಹಾಲಯ್ಯನವರು ಕೈಯಲ್ಲಿದ್ದ ಬತ್ತಿಯನ್ನು ತಟ್ಟೆಗೆ ಹಾಕಿದರು. "ಕೂತುಕೋ ತಾಯಿ" ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನ ಮನೆ ದೊಡ್ಡದು. ತಮ್ಮಂದಿರು, ಮಕ್ಕಳು, ಸೊಸೆಯರು, ಮೊಮ್ಮಕ್ಕಳು ಎಲ್ಲರೂ ಒಂದೇ ಒಲೆಯ ಅನ್ನ ಉಣ್ಣುತ್ತಿದ್ದರು. ಆ ಮನೆಯ ಕೋಣೆಗಳಿಗೆ ಬಾಗಿಲುವಾಡಗಳಿದ್ದವು, ಕದಗಳಿರಲಿಲ್ಲ. ಮಲಗುವ ಕೋಣೆಗೆ ಒಂದು ಪರದೆ, ಬಚ್ಚಲಿಗೆ ಒಂದು ತಟ್ಟಿ, ಅಷ್ಟೆ. ವ್ಯಾಪಾರಿಯ ತಂದೆ ಮನೆ ಕಟ್ಟಿಸುವಾಗ ಬಡಗಿಗೆ ಹಾಗೆ ಹೇಳಿದ್ದ. ಅಣ್ಣತಮ್ಮಂದಿರು ಬೇರೆಯಾಗುವ ಯೋಚನೆ ಮೊದಲು ಮುಚ್ಚಿದ ಕದದ ಹಿಂದೆ ಹುಟ್ಟುತ್ತದೆ ಎಂದು ಅವನ ನಂಬಿಕೆ. ಈ ಮನೆಗೆ ಎಂದೂ ಹೊಸ ಕದ ಮಾಡಿಸಬಾರದು ಎಂದು ಮಾತು ತೆಗೆದುಕೊಂಡು ಸತ್ತಿದ್ದ. ಊರಿನಲ್ಲಿ ಎಷ್ಟೋ ಮನೆಗಳು ಪಾಲಾದವು. ಆ ಮನೆ ಆಗಲಿಲ್ಲ. ಹೆಣ್ಣು ಕೊಡುವವರು 'ಕದವಿಲ್ಲದ ಮನೆ' ಎಂದು ಹುಡುಕಿಕೊಂಡು ಬರುತ್ತಿದ್ದರು.

ಬೀದಿಯ ಕದವನ್ನು ಬಿಟ್ಟರೆ ಒಳಗೆ ಇದ್ದದ್ದು ಒಂದೇ ಕದ. ಅದು ದೇವರ ಕೋಣೆಯದು. ಅದೂ ನೈವೇದ್ಯಕ್ಕಾಗಿ. ದಿನವೂ ವ್ಯಾಪಾರಿಯ ಹೆಂಡತಿ ಎಡೆಯನ್ನು ದೇವರ ಮುಂದೆ ಇಟ್ಟು, ಹೊರಗೆ ಬಂದು, ಕದ ಮುಚ್ಚಿ, ಅದರ ಮುಂದೆ ಕೂರುತ್ತಿದ್ದಳು. ದೇವರು ಉಣ್ಣುವುದನ್ನು ಯಾರೂ ನೋಡಬಾರದು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಕೆಮ್ಮಿ, ಕದ ತೆರೆದು, ಎಡೆಯನ್ನು ತಂದು ಎಲ್ಲರಿಗೂ ಹಂಚುತ್ತಿದ್ದಳು.

ಆ ಮನೆಯಲ್ಲಿ ಒಂದು ಮಗು ಇತ್ತು. ವ್ಯಾಪಾರಿಯ ಮೊಮ್ಮಗಳು, ಎರಡನೆಯ ಸೊಸೆಯ ಮಗಳು. ಐದು ವರ್ಷದ ತನಕ ಅದು ಯಾರ ಮಡಿಲು ಸಿಕ್ಕರೆ ಅಲ್ಲಿ ಮಲಗಿತು. ಆರಕ್ಕೆ ಬಿದ್ದ ಮೇಲೆ ಅದಕ್ಕೆ ಏನೋ ಆಯಿತು. ಒಂದು ದಿನ ಸುತ್ತಿಟ್ಟ ಹಾಸಿಗೆಗಳ ಹಿಂದೆ ಹೋಗಿ ಕೂತಿತು. ಚಿಕ್ಕಪ್ಪ ಹುಡುಕಿಕೊಂಡು ಹೋಗಿ ಕಡಲೆಕಾಯಿ ಬೆಲ್ಲ ಕೊಟ್ಟ. ಇನ್ನೊಂದು ದಿನ ಖಾಲಿ ಗುಡಾಣದೊಳಗೆ ಇಳಿಯಿತು. ಚಿಕ್ಕಮ್ಮಂದಿರು ಸುತ್ತ ನಿಂತು ಬಗ್ಗಿ ನೋಡಿ ಮುದ್ದು ಮಾಡಿದರು. ಮತ್ತೊಂದು ದಿನ ಕೊಟ್ಟಿಗೆಯ ಗೋದಲಿಯಲ್ಲಿ ಹುಲ್ಲು ಹೊದ್ದು ಮಲಗಿತು. ಅಲ್ಲಿಗೂ ಯಾರೋ ಹಾಲು ತಂದರು.

ಊಟಕ್ಕೆ ಕೂತಾಗ ಚಿಕ್ಕಪ್ಪ ಕೇಳುತ್ತಿದ್ದ: "ದೊರೆಸಾನಿಯವರ ಬಿಡಾರ ಇವತ್ತು ಎಲ್ಲಿ? ಗುಡಾಣದಲ್ಲೋ, ಗೋದಲಿಯಲ್ಲೋ?"

ಎಲ್ಲರೂ ನಗುತ್ತಿದ್ದರು. ಮಗುವೂ ಒಂದೆರಡು ಸಲ ನಕ್ಕಿತು.

ಒಂದು ದಿನ ಅದು ಅಜ್ಜಿಯ ಬಳಿ ಹೋಯಿತು.

"ಅಜ್ಜಿ, ನನಗೊಂದು ಜಾಗ ಬೇಕು."

"ಯಾಕೆ ಬಂಗಾರ, ಈ ಮನೆಯೆಲ್ಲ ನಿನ್ನದೇ ಅಲ್ಲವೇನೆ."

"ಎಲ್ಲ ನನ್ನದಾದರೆ ನಾನು ಕೂರುವುದು ಎಲ್ಲಿ?"

ಅಜ್ಜಿಗೆ ಆ ಮಾತು ಬಹಳ ಹಿಡಿಸಿತು. ಊಟದ ಹೊತ್ತಿಗೆ ಎಲ್ಲರಿಗೂ ಹೇಳಿದಳು. ಅಜ್ಜನ ತಮ್ಮಂದಿರು ಅದನ್ನು ಅಂಗಡಿಗೆ ಒಯ್ದರು. ಅಂಗಡಿಯಿಂದ ಅದು ಪಕ್ಕದ ಬೀದಿಗೆ ಹೋಯಿತು. ಎರಡು ದಿನದ ಮೇಲೆ ಹೂವು ಮಾರುವವಳು ಬಂದು ಮಗುವಿನ ಗಲ್ಲ ಹಿಡಿದು, "ನೀನು ಕೂರುವುದು ಎಲ್ಲಿ ತಾಯಿ?" ಎಂದು ಕೇಳಿ ನಕ್ಕಳು. ಮಗು ಆ ಪ್ರಶ್ನೆಯನ್ನು ಮತ್ತೆ ಯಾರ ಹತ್ತಿರವೂ ಕೇಳಲಿಲ್ಲ.

ಆದರೆ ಅದು ನೋಡುತ್ತಿತ್ತು. ಬೆಳಿಗ್ಗೆ ಅಜ್ಜಿ ಹೊಸ್ತಿಲ ಮುಂದೆ ರಂಗೋಲಿ ಹಾಕುತ್ತಿದ್ದಳು. ಅಂಗಡಿಗೆ ಹೊತ್ತಾಯಿತೆಂದು ಓಡುವ ಅಜ್ಜ ರಂಗೋಲಿಯ ಹತ್ತಿರ ಬಂದಾಗ ಬಳಸಿಕೊಂಡು ಹೋಗುತ್ತಿದ್ದ. ಚಿಕ್ಕಪ್ಪ ಹಾರಿ ದಾಟದೆ ಪಕ್ಕಕ್ಕೆ ಕಾಲಿಡುತ್ತಿದ್ದ. ಬೇಡಲು ಬಂದವರೂ ಅದನ್ನು ತುಳಿಯುತ್ತಿರಲಿಲ್ಲ. ಒಂದು ಚಿಟಿಕೆ ಪುಡಿ. ಗಾಳಿ ಬಂದರೆ ಹಾರಿಹೋಗುವಂಥದ್ದು. ಅಷ್ಟಾದರೂ ಯಾರ ಕಾಲೂ ಅದರ ಮೇಲೆ ಬೀಳುತ್ತಿರಲಿಲ್ಲ.

ಮಗು ರಂಗೋಲಿಯ ಗರಟೆಯನ್ನು ಎತ್ತಿಕೊಂಡು ಮೆಟ್ಟಿಲ ಕೆಳಗಿನ ಮೂಲೆಗೆ ಹೋಯಿತು. ಸುತ್ತ ಒಂದು ಗೆರೆ ಎಳೆಯಿತು. ಒಳಗೆ ಕೂತಿತು.

ತಾಯಿ ಹಾಲು ತಂದಳು. ಗೆರೆಯ ಹತ್ತಿರ ಬಂದಾಗ ಅವಳ ಕಾಲು ತಾನಾಗಿ ನಿಂತಿತು. ಅವಳು ಲೋಟವನ್ನು ಗೆರೆಯ ಆಚೆ ನೆಲದ ಮೇಲೆ ಇಟ್ಟು ಹಿಂದಕ್ಕೆ ಹೋದಳು. ಚಿಕ್ಕಪ್ಪ ಬಂದ. ಅವನೂ ನಿಂತ. ಏನೋ ತಮಾಷೆಯ ಮಾತು ಬಾಯಿಗೆ ಬಂದಿತ್ತು. ಅದನ್ನು ಆಡದೆ ಹೋದ.

ಮಗು ಒಳಗೆ ಏನೂ ಮಾಡಲಿಲ್ಲ. ಮೆಟ್ಟಿಲ ಸಂದಿಯಿಂದ ಬಿಸಿಲಿನ ಒಂದು ಕೋಲು ಇಳಿಯುತ್ತಿತ್ತು. ಅದರಲ್ಲಿ ಧೂಳು ಮೇಲೇಳುತ್ತಿತ್ತು, ಕೆಳಗಿಳಿಯುತ್ತಿತ್ತು, ಎಲ್ಲಿಗೂ ಹೋಗುತ್ತಿರಲಿಲ್ಲ. ಮಗು ಅದನ್ನು ನೋಡಿತು. ಬೀಸುವ ಕಲ್ಲಿನ ಸದ್ದು, ಪಾತ್ರೆಗಳ ಸದ್ದು, ಚಿಕ್ಕಮ್ಮಂದಿರ ಮಾತು ಎಲ್ಲವೂ ನೀರಿನ ಆಚೆ ದಡದಿಂದ ಬಂದಂತೆ ಬಂದವು. ತನ್ನ ಮನೆ ಹೇಗೆ ಕೇಳಿಸುತ್ತದೆ ಎಂದು ಮಗುವಿಗೆ ಗೊತ್ತಾದದ್ದು ಅಂದೇ. ಆ ಸದ್ದು ಅದಕ್ಕೆ ಹಿತವಾಯಿತು. ಅದು ತನ್ನ ಹೆಸರನ್ನು ತಾನೇ ಮೆಲ್ಲಗೆ ಹೇಳಿಕೊಂಡಿತು. ಅಲ್ಲಿಯವರೆಗೆ ಆ ಹೆಸರನ್ನು ಬೇರೆಯವರು ಕರೆದಿದ್ದರು. ತಾನು ಕರೆದಿರಲಿಲ್ಲ. ಕಣ್ಣು ಮುಚ್ಚಿ ಇನ್ನೊಮ್ಮೆ ಹೇಳಿತು. ಒಳಗಿನಿಂದ ಯಾರೋ ಓಗೊಟ್ಟಂತಾಯಿತು.

ಹಸಿವಾದಾಗ ಅದೇ ಎದ್ದು, ಗೆರೆಯನ್ನು ಕಾಲಿನಿಂದ ಒರಸಿ, ಓಡಿಹೋಗಿ ತಾಯಿಯ ಮಡಿಲಲ್ಲಿ ಬಿತ್ತು. ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಿತು. ಧೂಳಿನ ಕತೆಯನ್ನೆಲ್ಲ ತಾಯಿಗೆ ಹೇಳಿತು.

ಹೀಗೆ ಕೆಲವು ದಿನ ನಡೆಯಿತು. ಅಷ್ಟಕ್ಕೇ ಬಿಟ್ಟಿದ್ದರೆ ಕತೆಯೇ ಇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅಜ್ಜಿ ಆ ಮೂಲೆಯ ಮುಂದೆ ಹಾದುಹೋಗುತ್ತಿದ್ದಳು. ಮಗು ಕಣ್ಣು ಮುಚ್ಚಿತ್ತು. ತುಟಿ ಅಲುಗುತ್ತಿತ್ತು. ಅಜ್ಜಿ ನಿಂತುಬಿಟ್ಟಳು. ಮಗು ತಾನಾಗಿ ರಂಗೋಲಿ ಹಾಕಿ, ಅದರೊಳಗೆ ಕೂತು, ಜಪ ಮಾಡುತ್ತಿದೆ ಎಂದುಕೊಂಡಳು. ಅದೇ ಹೊತ್ತಿಗೆ, ಬಹಳ ದಿನದಿಂದ ಸುದ್ದಿಯಿಲ್ಲದ ಸರಕಿನ ಗಾಡಿಗಳು ಊರು ಸೇರಿದವೆಂದು ಅಂಗಡಿಯಿಂದ ಆಳು ಬಂದು ಹೇಳಿದ. ಅಜ್ಜಿಗೆ ಇನ್ನು ಅನುಮಾನ ಉಳಿಯಲಿಲ್ಲ. ಗೆರೆಯ ಹೊರಗೆ ಒಂದು ದೀಪ ತಂದಿಟ್ಟಳು.

ಮಾರನೆಯ ದಿನ ದೊಡ್ಡ ಸೊಸೆ ಹೂವು ಇಟ್ಟಳು. ನೆರೆಮನೆಯವರು ಬಂದರು. ಮಗಳ ಮದುವೆ ಗೊತ್ತಾಗದ ಒಬ್ಬ ಹೆಂಗಸು ಬಾಳೆಹಣ್ಣು ಹಿಡಿದು ಗೆರೆಯ ಮುಂದೆ ಕೂತು ತನ್ನ ಕಷ್ಟ ಹೇಳಿಕೊಂಡಳು. ಮಗು ಬೇಸರದಿಂದ ಗೋಡೆಯ ಕಡೆ ತಿರುಗಿ ಕೂತಿತು. ಆ ಗೋಡೆ ಪೂರ್ವಕ್ಕಿತ್ತು. ಹೆಂಗಸು ಹೋಗಿ ಪೂರ್ವದಿಕ್ಕಿನ ಊರಿನ ಗಂಡನ್ನು ಒಪ್ಪಿಕೊಂಡಳು. ಗಂಡು ಒಳ್ಳೆಯವನೇ ಆಗಿದ್ದ. ಅದರಿಂದ ಮಗುವಿನ ಪಾಡು ಇನ್ನೂ ಕೆಟ್ಟಿತು.

ಬೆಳಗಾದರೆ ಜನ. ಒಬ್ಬರೂ ಗೆರೆ ದಾಟುತ್ತಿರಲಿಲ್ಲ. ಅಷ್ಟು ಮರ್ಯಾದೆಯವರು. ಗೆರೆಯ ಅಂಚಿಗೆ ಮೊಣಕಾಲು ತಾಗುವಂತೆ ಕೂತು, ಕೈಮುಗಿದು, ನೋಡುತ್ತಿದ್ದರು. ಮಗು ಕೆಮ್ಮಿದರೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಜನ ದೂರ ಇರಲಿ ಎಂದು ಮಗು ಮಾರನೆಯ ದಿನ ಗೆರೆಯನ್ನು ಸ್ವಲ್ಪ ಒಳಗೆ ಎಳೆಯಿತು. ಜನ ಅಷ್ಟೇ ಮುಂದೆ ಬಂದು ಕೂತರು. ಅದು ಇನ್ನಷ್ಟು ಒಳಗೆ ಎಳೆಯಿತು. ಅವರು ಇನ್ನಷ್ಟು ಮುಂದೆ ಬಂದರು. ಕೊನೆಗೆ ಆ ಗೆರೆ ಮಗು ಮಂಡಿ ಮಡಚಿ ಕೂತಷ್ಟು ಅಗಲ ಮಾತ್ರ ಉಳಿಯಿತು.

ಅದರ ಮರುದಿನ ಮಗು ಗೆರೆ ಎಳೆಯಲಿಲ್ಲ. ಎದ್ದು ಎಲ್ಲರ ನಡುವೆ ಬಂದು ಕೂತಿತು. ಕರೆದವರ ಮಡಿಲಿಗೆ ಹೋಯಿತು. ಎಲ್ಲರೂ ನಕ್ಕಾಗ ನಕ್ಕಿತು. ಕೇಳಿದ್ದಕ್ಕೆ ಹೂಂ ಎಂದಿತು. ಬಂದವರು ನಿರಾಸೆಯಿಂದ ಹೋದರು. ಮನೆಯವರಿಗೆ ಸಮಾಧಾನವಾಯಿತು. ಮಗು ಮೊದಲಿನಂತಾಯಿತು ಎಂದರು. ಮೆಟ್ಟಿಲ ಕೆಳಗೆ ದೀಪವನ್ನು ಮಾತ್ರ ದಿನವೂ ಹಚ್ಚುತ್ತಿದ್ದರು.

ಒಂದು ಹಬ್ಬದ ದಿನ ಹೋಳಿಗೆ ಮಾಡಿದ್ದರು. ತಟ್ಟೆ ಮುಂದೆ ಬಂದಾಗ ಮಗು, "ಮೊದಲು ಎಲ್ಲರಿಗೂ ಆಗಲಿ, ನನಗೆ ಆಮೇಲೆ ಕೊಡಿ" ಎಂದಿತು. ಅಜ್ಜಿ ಅದರ ನೆತ್ತಿ ಸವರಿ, ಎಂಥ ಬುದ್ಧಿ ಬಂತು ನೋಡಿ ಎಂದಳು. ತಾಯಿಗೆ ಆ ಮಾತು ಕೇಳಿ ಅಳುಕಾಯಿತು. ದೊಡ್ಡ ಹೋಳಿಗೆಗಾಗಿ ಜಗಳ ಆಡುತ್ತಿದ್ದ ಮಗು ಅದು. ನೆಂಟರ ಮನೆಗೆ ಹೋದಾಗ ಹೀಗೆ ಹೇಳಬೇಕು ಎಂದು ತಾನೇ ಅದಕ್ಕೆ ಕಲಿಸಿದ್ದಳು.

ಅವಳು ಅಂದಿನಿಂದ ಮಗುವನ್ನು ಗಮನಿಸಿದಳು. ತಲೆ ಬಾಚುವಾಗ ಅದು ಅಲುಗುತ್ತಿರಲಿಲ್ಲ. ನೋವಾಯಿತೇ ಎಂದರೆ ಇಲ್ಲ ಎನ್ನುತ್ತಿತ್ತು. ಏನು ಯೋಚನೆ ಎಂದರೆ ಏನಿಲ್ಲ ಎನ್ನುತ್ತಿತ್ತು. ಧೂಳಿನ ಕತೆ ಹೇಳು ಎಂದಳು. ಮಗು ಅವಳ ಮುಖ ನೋಡಿ, ಮೆಲ್ಲಗೆ ನಕ್ಕು, ಮರೆತುಹೋಯಿತು ಎಂದಿತು. ಮಡಿಲಲ್ಲಿ ಅದರ ತೂಕವಿತ್ತು. ಮಗು ಅಲ್ಲಿರಲಿಲ್ಲ. ಪುಡಿಯ ಗೆರೆಯೂ ಬೇಡದ ಯಾವುದೋ ಜಾಗಕ್ಕೆ ಅದು ಹೊರಟುಹೋಗಿತ್ತು. ಅಲ್ಲಿಂದ ಅದು ಹಸಿವಾದರೂ ಓಡಿ ಬರುವಂತಿರಲಿಲ್ಲ.

ಮಾರನೆಯ ದಿನ ಅಜ್ಜಿ ದೇವರಿಗೆ ಎಡೆ ಇಟ್ಟು, ಕದ ಮುಚ್ಚಿ, ಹೊರಗೆ ಕೂತಿದ್ದಳು. ಸೊಸೆ, ಮಗುವಿನ ತಾಯಿ, ಹೋಗಿ ಪಕ್ಕದಲ್ಲಿ ಕೂತಳು.

"ಅತ್ತೆ, ಒಳಗೆ ದೇವರು ಉಣ್ಣುತ್ತಿದ್ದಾನೆ ಅಂತ ನಿಮಗೆ ಹೇಗೆ ಗೊತ್ತು?"

"ಇದೇನೇ ಹೀಗೆ ಕೇಳುತ್ತೀ. ಉಣ್ಣುತ್ತಾನೆ."

"ಇಷ್ಟು ವರ್ಷದಲ್ಲಿ ಒಂದು ಸಲವೂ ಇಣುಕಿಲ್ಲವೇ?"

"ಇಣುಕಿದರೆ ಉಂಡಾನೇನೇ, ಹುಚ್ಚಿ."

"ನಾವು ಮಗುವಿನ ಮುಂದೆ ಕೂತು ನೋಡುತ್ತಾ ಇದ್ದೆವು, ಅತ್ತೆ. ಅದು ಉಣ್ಣುವುದನ್ನು ಬಿಟ್ಟಿದೆ."

ಅಜ್ಜಿ ಮುಚ್ಚಿದ ಕದದ ಕಡೆ ನೋಡಿದಳು.

"ಈ ಕದ ಅದಕ್ಕೆ ಬೇಕು" ಎಂದಳು ಸೊಸೆ.

"ದೇವರಿಗೆ?"

"ದೇವರು ಒಂದು ದಿನವೂ ನಮ್ಮನ್ನು ಆಚೆ ಹೋಗಿ ಅಂದವನಲ್ಲ. ಎಡೆಗೆ ಒಂದು ಎಲೆ ಮುಚ್ಚಿದರೂ ಉಣ್ಣುತ್ತಾನೆ."

ಅಂದು ಅಜ್ಜಿ ಕೆಮ್ಮುವುದನ್ನೂ ಮರೆತಳು. ಎಡೆ ಆರಿತು. ಆಮೇಲೆ ಅವಳೇ ಎದ್ದು ಹೋಗಿ ಗಂಡನಿಗೆ ಹೇಳಿದಳು. ವ್ಯಾಪಾರಿ ಒಪ್ಪಲಿಲ್ಲ. ತಮ್ಮಂದಿರೂ ಒಪ್ಪಲಿಲ್ಲ. ತಂದೆಯ ಮಾತು ಏನಾಗಬೇಕು ಎಂದರು. ಮನೆಗೆ ಹೊಸ ಕದ ಮಾಡಿಸಬಾರದು ಎಂದಿದ್ದರು, ಇದ್ದ ಕದದ ಜಾಗ ಬದಲಿಸಬಾರದು ಎಂದಿರಲಿಲ್ಲ ಎಂದಳು ಅಜ್ಜಿ. ಇದಕ್ಕೆ ಉತ್ತರ ಹೇಳಲು ತಂದೆ ಇರಲಿಲ್ಲ.

ಬಡಗಿ ಬಂದು ದೇವರ ಕೋಣೆಯ ಕದ ಕಳಚಿ ಮೆಟ್ಟಿಲ ಕೆಳಗಿನ ಮೂಲೆಗೆ ಕೂಡಿಸಿದ. ಅಗುಳಿಯನ್ನು ಒಳಗಡೆಗೆ ಹಾಕಿದ. ದೀಪವನ್ನು ಸೊಸೆ ಅಲ್ಲಿಂದ ಎತ್ತಿದಳು. ಮಗು ಕದವನ್ನು ಮುಟ್ಟಿ ನೋಡಿತು. ಒಳಗೆ ಹೋಗಿ ಮುಚ್ಚಿಕೊಂಡಿತು. ಸ್ವಲ್ಪ ಹೊತ್ತಿಗೆ ತೆರೆಯಿತು. ಮನೆಯವರೆಲ್ಲ ಸಾಲಾಗಿ ನಿಂತಿದ್ದರು. ಅದು ಅವರನ್ನು ನೋಡಿ ಮತ್ತೆ ಮುಚ್ಚಿಕೊಂಡಿತು.

ಆಗ ಅಜ್ಜಿ ಎಲ್ಲರನ್ನೂ ಗದರಿಸಿ ಅವರವರ ಕೆಲಸಕ್ಕೆ ಕಳಿಸಿದಳು. ತಾನು ಮಾತ್ರ ಅಲ್ಲಿ ಕೂತಳು. ಒಮ್ಮೆ ತಟ್ಟಲು ಕೈ ಎತ್ತಿದಳು. ಇಳಿಸಿದಳು. ಕೆಮ್ಮು ಬಂದಿತು. ಸೆರಗನ್ನು ಬಾಯಿಗೆ ಒತ್ತಿ ನುಂಗಿಕೊಂಡಳು. ಆಮೇಲೆ ಅವಳೂ ಎದ್ದು ಹೋದಳು.

ಮನೆಯಲ್ಲಿ ಕೆಲಸ ನಡೆಯಿತು. ಬೀಸುವ ಕಲ್ಲು ತಿರುಗಿತು. ಬಿಸಿಲು ಅಂಗಳದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯಿತು. ಎಲ್ಲರೂ ಮೆಟ್ಟಿಲ ಹತ್ತಿರ ಬಂದಾಗ ಮಾತು ತಗ್ಗಿಸುತ್ತಿದ್ದರು. ದಿನಗಳು ಹೀಗೆ ಹೋದವು. ಮಗು ಒಳಗೆ ಹೋಗುತ್ತಿತ್ತು, ಬರುತ್ತಿತ್ತು. ಯಾರೂ ಕೇಳಲಿಲ್ಲ.

ಮುಂದಿನ ಹಬ್ಬಕ್ಕೆ ಮತ್ತೆ ಹೋಳಿಗೆ ಮಾಡಿದರು. ವಾಸನೆಗೆ ಕದ ತೆರೆಯಿತು. ಮಗು ನೇರವಾಗಿ ಅಡುಗೆಮನೆಗೆ ಬಂದು, ದೊಡ್ಡಪ್ಪನ ಮಗನ ತಟ್ಟೆಯಿಂದ ದೊಡ್ಡ ಹೋಳಿಗೆಯನ್ನು ಕಿತ್ತುಕೊಂಡು, "ಇದು ನನ್ನದು" ಎಂದಿತು. ಅವನು ಅದರ ಜಡೆ ಎಳೆದ. ಅದು ಅವನ ಕೈ ಕಚ್ಚಿತು. ತಾಯಿ ಬೈಯಲಿಲ್ಲ. ಒಲೆಯ ಕಡೆ ತಿರುಗಿ ಕಣ್ಣು ಒರಸಿಕೊಂಡಳು.

ಆ ಕದದಿಂದ ಮನೆಗೆ ನಷ್ಟವೂ ಆಯಿತು. ಮಗುವಿಗೆ ಕೊಟ್ಟಿರಿ, ನಮಗೂ ಬೇಕು ಎಂದು ದೊಡ್ಡ ಸೊಸೆ ಕೇಳಿದಳು. ತಮ್ಮಂದಿರ ಹೆಂಡಿರು ಕೇಳಿದರು. ಕೊನೆಗೆ ವ್ಯಾಪಾರಿಯೂ ಮಧ್ಯಾಹ್ನ ಮಲಗಲು ಒಂದು ಕದ ಬೇಕೆಂದ. ಹಿರಿಯರ ಮಾತು ಮುರಿಯಿತು. ಮನೆ ಪಾಲಾಗಲಿಲ್ಲ. ಆದರೆ 'ಕದವಿಲ್ಲದ ಮನೆ' ಎಂದು ಹೆಣ್ಣು ಕೊಡಲು ಬರುವವರು ನಿಂತರು. ಊರು ಹೊಗಳಲು ಬೇರೆ ಮನೆಯನ್ನು ಹುಡುಕಿಕೊಂಡಿತು.

ಹಾಲಯ್ಯನವರು ಇಲ್ಲಿಗೆ ನಿಲ್ಲಿಸಿ ಬತ್ತಿಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ನಾನು ಕಾದೆ. ಕತೆಯಲ್ಲಿ ಒಂದು ವಿಷಯ ಉಳಿದೇ ಹೋಗಿದೆ ಎನ್ನಿಸಿತು.

"ಬುದ್ಧಿ, ಆ ಕದ ಮುಚ್ಚಿಕೊಂಡು ಮಗು ಒಳಗೆ ಏನು ಮಾಡುತ್ತಿತ್ತು?"

ಅವರು ಬತ್ತಿಯಿಂದ ಕಣ್ಣೆತ್ತದೆ ಹೇಳಿದರು: "ಆ ಮನೆಯವರು ಯಾರೂ ತಟ್ಟದ ಕದವನ್ನು ನೀನು ತಟ್ಟಿದೆ, ತಾಯಿ."

ನಮಸ್ಕಾರ ಮಾಡಿ ಎದ್ದು ಬಂದೆ.

ನಮ್ಮ ಮನೆಯಲ್ಲಿ ಪಾತ್ರೆಯ ಕೋಣೆಯನ್ನು ಖಾಲಿ ಮಾಡಿ ನಾಗವೇಣಿಗೆ ಕೊಟ್ಟೆವು. ಅದಕ್ಕೆ ತಗುಲಿದ್ದು ಇಷ್ಟು. ನನ್ನ ತವರಿನ ಹಿತ್ತಾಳೆಯ ಹಂಡೆ, ಕೊಳಗ, ಪರಾತಗಳು ಅಟ್ಟ ಸೇರಿದವು. ಬಂದವರು ನೋಡಿ ಮೆಚ್ಚುವುದು ತಪ್ಪಿತು. ನೆಂಟರ ಹಾಸಿಗೆಗಳಿಗೆ ಜಾಗ ಉಳಿಯಲಿಲ್ಲ. ಹಜಾರದಲ್ಲಿ ಮಲಗಿಸಿದರೆಂದು ನಮ್ಮ ಯಜಮಾನರ ಸೋದರಮಾವ ಕೋಪಿಸಿಕೊಂಡು ಮತ್ತೆ ನಮ್ಮಲ್ಲಿ ಉಳಿಯಲೇ ಇಲ್ಲ. ನಾಗವೇಣಿ ಶಾಲೆಯಿಂದ ಬಂದು, ತಿಂಡಿ ತಿಂದು, ದೀಪ ಹಚ್ಚುವ ತನಕ ಆ ಕೋಣೆಯಲ್ಲಿ ಇರುತ್ತಿದ್ದಳು. ಅವಳು ದೊಡ್ಡವಳಾಗುವವರೆಗೂ ಹಾಗೇ ನಡೆಯಿತು. ಅಷ್ಟು ಸಂಜೆಗಳಲ್ಲಿ ಅವಳು ಏನು ಮಾಡಿದಳು, ಏನು ಯೋಚಿಸಿದಳು ಎಂಬುದು ನನಗೆ ಗೊತ್ತಿಲ್ಲ.